ಐದು ರೂಪಾಯಿ ಚಿಲ್ಲರೆ

ನಾಣ್ಯ ಪ್ರದರ್ಶನ ನಡೆಯುತ್ತಿದ್ದ ಛತ್ರದ ಶೌಚಾಲಯದ ಮುಂದೆ ಸಂಗ್ರಾಹಕ ತಿಪ್ಪೇಶಪ್ಪ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದರು. ಜೇಬಿನಲ್ಲಿ ಬರೀ ಐನೂರರ ನೋಟುಗಳು.

“ನನ್ಹತ್ರ ಚಿಲ್ಲರೆ ಇಲ್ಲ ಸಾರ್. ಐದು ರೂಪಾಯಿ ಕಾಯಿನ್ನೇ ತನ್ನಿ,” ಎಂದಳು ಬಾಗಿಲಲ್ಲಿ ಕೂತಿದ್ದವಳು.

ಒಳಗೆ ಓಡಿದರು. ಮೇಜುಗಳ ತುಂಬ ನಾಣ್ಯಗಳಿದ್ದವು, ಚಿಲ್ಲರೆ ಮಾತ್ರ ಯಾರಲ್ಲೂ ಇರಲಿಲ್ಲ.

ಕೊನೆಗೆ ವ್ಯಾಪಾರಿಯೊಬ್ಬ ಐದು ರೂಪಾಯಿಯ ನಾಣ್ಯವೊಂದನ್ನು ಎತ್ತಿ ತೋರಿಸಿದ. “ಇರೋದ್ರಲ್ಲಿ ಕಮ್ಮಿದು ಇದೇ ಸಾರ್. ಐನೂರು.”

ಚೌಕಾಸಿ ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕೊಂಡು ಓಡಿಬಂದರು. ಅವಳು ಕೈಚಾಚಿದಳು. ಕೊಡುವ ಮುನ್ನ ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದು ನೋಡಿದರು. ಒಂದು ಗೀರೂ ಇಲ್ಲ, ಟಂಕಸಾಲೆಯ ಹೊಳಪು ಹಾಗೇ ಇದೆ.

ನಾಣ್ಯವನ್ನು ಮೆಲ್ಲಗೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮತ್ತೆ ವ್ಯಾಪಾರಿಯ ಬಳಿಗೆ ಓಡಿದರು.

“ಬೇಗ ಕೊಡಪ್ಪ! ಸ್ವಲ್ಪ ಸವೆದಿರೋದು ಇನ್ನೊಂದಿದೆಯಾ?”