ಸೋಲುವ ಕತ್ತಿ

ಗುರುಗಳು ಅವಳತ್ತ ಚಾಚಿದ್ದು ದೊಣ್ಣೆಯನ್ನಲ್ಲ, ಮರದ ಕತ್ತಿಯನ್ನು. ಬೇಕರಿಯವಳ ಮುಖ ಸಪ್ಪಗಾಯಿತು. ಜಪಾನಿನ ಈ ದೊಣ್ಣೆವರಸೆಯಲ್ಲಿ ಒಬ್ಬರು ಕತ್ತಿ ಬೀಸಬೇಕು, ಇನ್ನೊಬ್ಬರು ದೊಣ್ಣೆಯಿಂದ ಅದನ್ನು ತಡೆದು ಮಣಿಸಬೇಕು. ಅಭ್ಯಾಸದಲ್ಲಿ ಗೆಲ್ಲುವುದು ಯಾವಾಗಲೂ ದೊಣ್ಣೆ, ಸೋಲುವುದು ಕತ್ತಿ. ಇಷ್ಟು ವರ್ಷ ಗುರುಗಳ ಕತ್ತಿಯನ್ನು ಬದಿಗೆ ತಳ್ಳಿ, ಅವರ ಎದೆಗೆ ದೊಣ್ಣೆಯ ತುದಿ ಹಿಡಿದವಳು ಅವಳು. ಈಗ ಆ ದೊಣ್ಣೆ ಹೋದ ವಾರವಷ್ಟೇ ತರಗತಿಗೆ ಸೇರಿದ ನಾದಿನಿಯ ಕೈಯಲ್ಲಿತ್ತು.

"ಅತ್ತಿಗೆ, ಮೆಲ್ಲಗೆ ಹೊಡೀರಿ," ನಾದಿನಿ ಕಿಸಕ್ಕನೆ ನಕ್ಕಳು. "ಹೇಗಿದ್ರೂ ಗೆಲ್ಲೋದು ನಾನೇ ಅಂತೆ."

ಬೇಕರಿಯವಳಿಗೆ ಮೈಯೆಲ್ಲ ಉರಿಯಿತು. "ಏನು ತಪ್ಪು ಮಾಡಿದೆ ಅಂತ ನನ್ನ ಸೋಲೋ ಕಡೆ ನಿಲ್ಲಿಸ್ತಿದೀರಿ, ಗುರುಗಳೇ?"

"ತಪ್ಪಾ?" ಗುರುಗಳು ಹಣೆಯ ಬೆವರು ಒರೆಸಿಕೊಂಡರು. "ಇಷ್ಟು ವರ್ಷ ನಿನ್ನೆದುರು ಸೋತೋನು ಯಾರಮ್ಮಾ?"

ಅವಳು ಕೈಚಾಚಿ ಕತ್ತಿಯನ್ನು ತೆಗೆದುಕೊಂಡಳು. ಕತ್ತಿಯ ಹಿಡಿ ಗುರುಗಳ ಅಂಗೈಗೆ ಉಜ್ಜಿ ಉಜ್ಜಿ ನುಣುಪಾಗಿತ್ತು. ಹಿಟ್ಟು ನಾದಿ ಗಟ್ಟಿಯಾದ ಅವಳ ಬೆರಳುಗಳು ಅದರ ಮೇಲೆ ಸರಿಯಾಗಿ ಕೂತವು. ಕತ್ತಿಯನ್ನು ತಲೆಯ ಮೇಲಕ್ಕೆತ್ತಿ, ಹೆಜ್ಜೆ ಮುಂದಿಟ್ಟು ಬೀಸಿಯೇಬಿಟ್ಟಳು. ನಾದಿನಿಯ ನಗು ಹಾರಿಹೋಯಿತು. ದೊಣ್ಣೆ ಎತ್ತುವುದನ್ನೂ ಮರೆತು ಕಣ್ಣು ಮುಚ್ಚಿದಳು. ಕತ್ತಿ ಅವಳ ಹಣೆಯಿಂದ ಬೆರಳಗಲ ದೂರದಲ್ಲಿ ನಿಂತಿತು. ಒಂದಿಷ್ಟೂ ಅಲುಗಲಿಲ್ಲ.

ಗುರುಗಳು ಕುರ್ಚಿ ಎಳೆದುಕೊಂಡು ಕೂತರು.

"ಕಣ್ಣು ಬಿಡೇ," ಎಂದು ಅತ್ತಿಗೆ ಕತ್ತಿಯನ್ನು ಮತ್ತೆ ಮೇಲೆತ್ತಿದಳು. "ನನ್ನ ಸೋಲಿಸೋದು ಹೇಗೆ ಅಂತ ಹೇಳಿಕೊಡ್ತೀನಿ."