ಎದ್ದು ನಡಿ ಎಂದ ಅತ್ತೆ

ಆಪರೇಷನ್ ಆದ ಮರುದಿನ ಬೆಳಿಗ್ಗೆ ದಾಕ್ಷಾಯಣಿ ಕಣ್ಣು ಬಿಟ್ಟಾಗ ಎದುರಿಗೆ ಅತ್ತೆ ನೀಲಗಂಗವ್ವ ನಿಂತಿದ್ದಳು.

“ಏಳು. ನಡೀಬೇಕು.”

ಹೇಗಿದ್ದೀ ಎಂದು ಕೇಳಲಿಲ್ಲ... ನೋವಿದೆಯಾ ಎಂದೂ ಕೇಳಲಿಲ್ಲ.

ಗದಗಿನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡ್ ಅದು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡಿ, ದಾಕ್ಷಾಯಣಿ ಸಾವಿನ ಹೊಸ್ತಿಲಿನಿಂದ ತಿರುಗಿ ಬಂದಿದ್ದಳು. ಹೊಟ್ಟೆ ತೆರೆದು, ತೊಳೆದು, ಹೊಲಿಗೆ ಹಾಕಿದ್ದರು.

ರೌಂಡ್ಸಿಗೆ ಬಂದ ಡಾಕ್ಟರು ಹೇಳಿದ್ದು ಇಷ್ಟೇ...

“ಸ್ವಲ್ಪ ಸ್ವಲ್ಪ ಎದ್ದು ಅಡ್ಡಾಡ್ರಿ, ಕರಳು ಲಗೂನ ಕೆಲಸ ಶುರು ಮಾಡ್ತಾವು. ಗಾಯದ ಪಟ್ಟಿಗೆ ಮನಿಯವರು ಯಾರೂ ಕೈ ಹಚ್ಚಬ್ಯಾಡ್ರಿ. ಸೋಪ್ ಹಚ್ಚಿ ಕೈ ತೊಳಕೊಂಡ ಹತ್ರ ಬರ್ರಿ.”

ಎಲ್ಲರೂ ಕೇಳಿ ತಲೆಯಾಡಿಸುವ ಮಾತು ಅದು. ನೀಲಗಂಗವ್ವ ಮಾತ್ರ ಅದನ್ನು ವ್ರತದಂತೆ ಹಿಡಿದಳು.

ಹೊಟ್ಟೆಗೆ ದಿಂಬು ಒತ್ತಿ ಹಿಡಿಸಿ ಸೊಸೆಯನ್ನು ಎಬ್ಬಿಸುವಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ದಾಕ್ಷಾಯಣಿಯ ಕಣ್ಣಲ್ಲಿ ನೀರು...

“ಅತ್ತಿ, ಸಾಕ್ರೀ... ಜೀವ ಹೋಗಾಕತ್ತೈತಿ.”

“ಆ ಕಿಟಕಿ ತನಕ ನಡಿ. ಆಮ್ಯಾಲ ಅಳು.”

ಪಕ್ಕದ ಹಾಸಿಗೆಯವರು ಪಿಸುಗುಟ್ಟುತ್ತಿದ್ದರು. “ಅತ್ತಿ ಅತ್ತಿನ ಬಿಡವಾ. ಎಲ್ಲಿಂದ ಕರುಣಾ ಬರಬೇಕು?”

ನೋಡಲು ಬಂದ ನೆಂಟರನ್ನೂ ಅವಳು ಬಿಡಲಿಲ್ಲ. ಹಾಸಿಗೆ ಮೇಲೆ ಕೂತವರನ್ನು ಎಬ್ಬಿಸಿದಳು. ಕೈ ತೊಳೆಯದವರನ್ನು ಬಾಗಿಲಲ್ಲೇ ತಡೆದಳು.

ಒಂದು ಮಧ್ಯಾಹ್ನ ದಾಕ್ಷಾಯಣಿಯ ತಾಯಿ ಬಂದಳು. ಸೆರಗಿನಡಿಯಿಂದ ಸಣ್ಣ ಬಾಟಲಿ ತೆಗೆದು, “ಕೊಬ್ಬರಿ ಎಣ್ಣ್ಯಾಗ ಅರಿಷಿಣ ಕಾಸಿ ತಂದೀನಿ ಮಗಳ... ಗಾಯಕ್ಕ ಹಚ್ಚತೀನಿ, ಲಗೂ ಮಾಯತೈತಿ” ಎಂದು ಪಟ್ಟಿಯ ಅಂಚಿಗೆ ಕೈ ಹಾಕಿದಳು.

“ಮುಟ್ಟಬ್ಯಾಡ್ರಿ!”

ನೀಲಗಂಗವ್ವ ಕೂಗಿದ ಸದ್ದಿಗೆ ಇಡೀ ವಾರ್ಡ್ ತಿರುಗಿ ನೋಡಿತು. ಬೀಗತಿಯ ಕೈಯಿಂದ ಬಾಟಲಿ ಕಿತ್ತು ಕಸದ ಡಬ್ಬಿಗೆ ಎಸೆದೇಬಿಟ್ಟಳು.

ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟುಹೋದಳು.

ಅಷ್ಟು ದಿನ ನುಂಗಿಕೊಂಡಿದ್ದೆಲ್ಲ ದಾಕ್ಷಾಯಣಿಯ ಬಾಯಿಗೆ ಬಂತು.

“ನೀವು ಮನಷ್ಯಾರೇನ್ರೀ? ನೋವಂದ್ರೂ ಎಳದಾಡತೀರಿ... ನಮ್ಮವ್ವನ ಅಳಿಸಿ ಕಳಿಸಿದ್ರಿ... ನಿಮ್ಮ ಮಗಳಾಗಿದ್ರ ಹಿಂಗ ಮಾಡತಿದ್ರೇನು?”

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ನೆನಪಾಯಿತು...

ಮನೆಯಲ್ಲಿ ಮಾಲೆ ಹಾಕಿದ ಒಂದು ಫೋಟೋ ಇತ್ತು. ಸುವರ್ಣಾ. ಅತ್ತೆಯ ಒಬ್ಬಳೇ ಮಗಳು. ದಾಕ್ಷಾಯಣಿ ಮದುವೆಯಾಗಿ ಬರುವ ಮೊದಲೇ ತೀರಿಕೊಂಡವಳು. ಏನಾಗಿತ್ತೆಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟಿರಲಿಲ್ಲ.

ನೀಲಗಂಗವ್ವ ಮೆಲ್ಲನೆ ಸ್ಟೂಲಿನ ಮೇಲೆ ಕುಸಿದಳು.

“ಇಲ್ಲವಾ... ಮಗಳಿಗೆ ಹಿಂಗ ಮಾಡಲಿಲ್ಲ...”

ಕಸದ ಡಬ್ಬಿಯ ಕಡೆ ನೋಡುತ್ತ ಹೇಳಿದಳು.

“ಅದಕ್ಕ ಅಕಿ ಇಲ್ಲ.”

ದಾಕ್ಷಾಯಣಿ ತಲೆ ಎತ್ತಿ ಅತ್ತೆಯ ಮುಖ ನೋಡಿದಳು.

“ಅಕಿಗೂ ಹೊಟ್ಟಿ ಕೊಯ್ದಿದ್ರು. ಡಾಕ್ಟರು ಇದ ಮಾತು ಹೇಳಿದ್ರು. ನಡಸ್ರಿ ಅಂದ್ರ, ಮಗಳಿಗೆ ನೋವಾಕ್ಕೈತಿ ಅಂತ ಹಾಸಿಗಿ ಬಿಟ್ಟ ಏಳಗೊಡಲಿಲ್ಲ ನಾ. ಗಾಯ ಕಡೀತೈತಿ ಅವ್ವಾ ಅಂದ್ಲು... ಪಟ್ಟಿ ಬಿಚ್ಚಿ ಅರಿಷಿಣ ಎಣ್ಣಿ ಹಚ್ಚಿದೆ. ಈ ಕೈಲೆ.”

ಹೊಲಿಗೆ ಕೀವಾಯಿತು. ಕೀವು ಒಳಗೂ ಇಳಿಯಿತು. ಹೇಗೋ ಗಾಯ ಮಾಯ್ದು, ಮಗಳು ಮನೆಗೆ ಬಂದಳು, ನಕ್ಕಳು, ಹಬ್ಬವನ್ನೂ ಮಾಡಿದಳು... ಆದರೆ ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ.

“ಒಂದಿನ ವಾಂತಿ ಹತ್ತಿತು. ಹೊಟ್ಟಿ ಉಬ್ಬಿತು. ಅಜೀರ್ಣ ಆಗೈತಿ ಅಂತ ಅಜಿವಾನ ಕಾಳು ಕುದಿಸಿ ಕುಡಿಸಿದೆ. ಆಸ್ಪತ್ರಿಗೆ ಒಯ್ಯೂದ್ರಾಗ ಕರಳಿನ ದಾರಿನ ಕಟ್ಟಿ, ಭಾಳ ತಡಾ ಆಗಿತ್ತು...”

ಅವಳು ತನ್ನ ಅಂಗೈಯನ್ನೇ ನೋಡಿಕೊಂಡಳು.

“ಯಾರಿಗಾದ್ರೂ ಆಗಬಹುದು, ನಿಮ್ಮ ತಪ್ಪಂತ ಹೇಳಾಕ ಬರೂದಿಲ್ಲ ಅಂದ್ರು ಡಾಕ್ಟರು. ಆದ್ರ ಸಾಯೂ ಮುಂದ ಅಕಿ ನನ್ನ ಕೈ ಹಿಡಕೊಂಡು, ‘ಅವ್ವಾ, ಎಷ್ಟ ಜ್ವಾಪಾನ ಮಾಡಿದಿ ನನ್ನ’ ಅಂದ್ಲು... ಆ ಮಾತು ನನ್ನ ಸುಡತೈತಿ ದಾಕ್ಷಾಯಣಿ. ಬೈದು ಹೋಗಿದ್ರ ಚಲೋ ಇತ್ತು.”

ಸೆರಗಿನಿಂದ ಅಂಗೈಯನ್ನು ಒರೆಸಿಕೊಂಡಳು.

“ನಿಮ್ಮವ್ವನ ಕಾಲಿಗೆ ಬೇಕಾದ್ರ ಬೀಳತೀನಿ. ನೀ ಮಲಕೋ. ಇನ್ನ ಒತ್ತಾಯ ಮಾಡೂದಿಲ್ಲ...” ಎಂದು ನೀಲಗಂಗವ್ವ ಮುಖ ಗೋಡೆಗೆ ತಿರುಗಿಸಿದಳು.

ದಾಕ್ಷಾಯಣಿ ಮಲಗಲಿಲ್ಲ.

ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಒಂದು ಕಾಲು ಕೆಳಗಿಟ್ಟಳು... ಇನ್ನೊಂದನ್ನೂ ಇಟ್ಟಳು. ಹಲ್ಲು ಕಚ್ಚಿಕೊಂಡು, ಯಾರೂ ಎಬ್ಬಿಸದೆ, ತಾನೇ ಎದ್ದು ನಿಂತಳು.

“ಏಳ್ರಿ ಅತ್ತಿ... ಬಾಗಲ ತನಕ ಹೋಗಿ ಬರೂಣು.”

ನೀಲಗಂಗವ್ವ ಏಳಲು ನೋಡಿದಳು. ಆಸರೆಗೆ ಅವಳೂ ಕೈ ಚಾಚಿದಳು. ಅತ್ತೆ ಸೊಸೆಯ ತೋಳು ಹಿಡಿದಳೋ, ಸೊಸೆ ಅತ್ತೆಯ ತೋಳು ಹಿಡಿದಳೋ... ನೋಡಿದವರಿಗೂ ತಿಳಿಯಲಿಲ್ಲ.

ಹಾಸಿಗೆಗಳ ಸಾಲು ದಾಟುವಾಗ ದಾಕ್ಷಾಯಣಿ ನೋವಿಗೆ ಒಮ್ಮೆ ತಡೆದು ನಿಂತಳು.

“ಸಾವಕಾಶ, ಸುವರ್ಣಾ... ಸಾವಕಾಶ ನಡಿ” ಎಂದಳು ನೀಲಗಂಗವ್ವ.

ಯಾರ ಹೆಸರು ಹಿಡಿದು ಕರೆದೆನೆಂಬುದು ಅವಳಿಗೆ ಗೊತ್ತೇ ಆಗಲಿಲ್ಲ.

ದಾಕ್ಷಾಯಣಿ ತಿದ್ದಲಿಲ್ಲ.

“ಹೂಂ ಅವ್ವಾ...” ಎಂದು ಮುಂದಿನ ಹೆಜ್ಜೆ ಇಟ್ಟಳು.

ಮುದ್ದಿಸುವ ಕೈ ಎಲ್ಲರ ಕಣ್ಣಿಗೂ ಬೀಳುತ್ತದೆ... ಎಬ್ಬಿಸಿ ನಡೆಸುವ ಕೈಯ ನೋವು ಯಾರಿಗೂ ಕಾಣುವುದಿಲ್ಲ.

ನಿಮ್ಮನ್ನೂ ಹೀಗೆ ಬೈದು ನಡೆಸಿದವರು ಯಾರಾದರೂ ಇದ್ದಾರಾ? ಅವರ ಮನಸ್ಸಿನಲ್ಲಿ ಏನಿತ್ತೆಂದು ಒಮ್ಮೆಯಾದರೂ ಕೇಳಿದ್ದೀರಾ...?