ತಿರುಗಿ ಹೋದ ಕುಂಕುಮದ ತಟ್ಟೆ

ತುಮಕೂರಿನಿಂದ ದಾವಣಗೆರೆಗೆ ಹೊರಟಿದ್ದ ಆ ಕಾರಿನಲ್ಲಿ ಮೂವರಿದ್ದರು. ಬೆಳಿಗ್ಗೆ ಬರುವಾಗ ಇದ್ದ ನಗು, ತಮಾಷೆ ಯಾವುದೂ ಈಗ ಇರಲಿಲ್ಲ...

ಕಾರು ಓಡಿಸುತ್ತಿದ್ದವರು ಮುರುಗೇಂದ್ರಪ್ಪ. ಹಿಂದಿನ ಸೀಟಿನಲ್ಲಿ ಅವರ ತಂಗಿ ಗಿರಿಜಮ್ಮ, ತಂಗಿಯ ಮಗಳು ದಾಕ್ಷಾಯಿಣಿ.

ಗಂಡ ತೀರಿಕೊಂಡ ಮೇಲೆ ಗಿರಿಜಮ್ಮ ಅಣ್ಣನ ಮನೆಗೆ ಬಂದವರು. ದಾಕ್ಷಾಯಿಣಿಯನ್ನು ಓದಿಸಿದ್ದು ಈ ಸೋದರಮಾವನೇ. ಈಗ ಆಕೆ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುತ್ತಾಳೆ.

ಹುಡುಗನ ಮನೆ ನೋಡಿಕೊಂಡು ವಾಪಸಾಗುತ್ತಿದ್ದರು. ಹುಡುಗ ಆಕೆಗೆ ಮನಸಾರೆ ಇಷ್ಟವಾಗಿದ್ದ. ನಿಶ್ಚಿತಾರ್ಥದ ದಿನವೂ ಗೊತ್ತಾಗಿತ್ತು.

ಆದರೆ ಮುರುಗೇಂದ್ರಪ್ಪ ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಿದ್ದರು. ಮುಂದೆ ಲಾರಿ ಇದ್ದರೂ ಹಾರ್ನ್, ಇಲ್ಲದಿದ್ದರೂ ಹಾರ್ನ್...

ಗಿರಿಜಮ್ಮ ಎರಡು ಸಲ "ಅಣ್ಣಾ..." ಎಂದರು.

"ನೀನು ಸುಮ್ನಿರು ಗಿರಿಜಾ. ನಿನಗಿದೆಲ್ಲ ತಿಳಿಯಲ್ಲ."

ಹಿರಿಯೂರು ದಾಟಿದ ಮೇಲೆ ಟೀ ಅಂಗಡಿ ಮುಂದೆ ಕಾರು ನಿಂತಿತು. ಮುರುಗೇಂದ್ರಪ್ಪ ಟೀ ಮುಟ್ಟಲಿಲ್ಲ. ಫೋನ್ ಹಿಡಿದು ಅತ್ತಿಂದಿತ್ತ ಓಡಾಡತೊಡಗಿದರು.

"ಮಾವ, ಯಾರಿಗೆ ಫೋನು?" ದಾಕ್ಷಾಯಿಣಿ ಕೇಳಿದಳು.

"ಹುಡುಗನ ಅಪ್ಪನಿಗೆ. ಈ ಸಂಬಂಧ ಬ್ಯಾಡ ಅಂತ ಹೇಳಿಬಿಡ್ತೀನಿ!"

ಆಕೆ ಅವರ ಪಕ್ಕಕ್ಕೆ ಓಡಿ ಬಂದಳು...

"ಏನಾಯ್ತು ಅಂತಾದರೂ ಹೇಳಿ."

"ನಾನು ಕಣ್ಣಾರೆ ನೋಡಿದೀನಿ. ಹೊರಡುವಾಗ ಅವನ ತಾಯಿ ನಿನಗೆ ಅರಿಶಿನ ಕುಂಕುಮ ಕೊಟ್ಳು. ಗಿರಿಜನಿಗೆ ಕೊಡಲಿಲ್ಲ! ಗಂಡನಿಲ್ಲದೋಳು ಅಂತ ನನ್ನ ತಂಗಿಗೆ ಅವಮಾನ ಮಾಡ್ಯಾರೆ!"

ದಾಕ್ಷಾಯಿಣಿಗೂ ಒಂದು ಕ್ಷಣ ಸಿಟ್ಟು ಬಂತು. ಅಮ್ಮನಿಗೆ ಅವಮಾನವಾದ ಮನೆಗೆ ಆಕೆಯೂ ಹೋಗುವವಳಲ್ಲ.

ಆದರೂ ಕೇಳಿದಳು... "ಮಾವ, ನಿಮ್ಮ ಕಣ್ಣಿಗೆ ಬಿದ್ದಿದ್ದು ಏನು? ಅಷ್ಟೇ ಹೇಳಿ."

"ಶುರುವಾಯ್ತು ನಿನ್ನ ತತ್ವಶಾಸ್ತ್ರ! ಅದನ್ನ ಕಾಲೇಜಲ್ಲಿ ಹೇಳ್ಕೊ. ಇದು ಮರ್ಯಾದೆ ಪ್ರಶ್ನೆ ಕಣಮ್ಮ."

"ಮದುವೆ ನಂದಲ್ವಾ ಮಾವ? ಮುರಿಯೋಕೆ ಮುಂಚೆ ಒಂದು ಪ್ರಶ್ನೆ ಕೇಳೋ ಹಕ್ಕೂ ಇಲ್ವಾ?"

ಅವರು ನಿಂತರು. "...ತಟ್ಟೆ ಗಿರಿಜನ ಮುಂದೆ ಬಂತು. ಹಂಗೇ ತಿರುಗಿ ಹೋಯ್ತು."

"ಅದು ನೀವು ಕಂಡಿದ್ದು. ಅವಮಾನ ಮಾಡಿದ್ರು ಅನ್ನೋದು?"

"ಅದೂ ಕಂಡಿದ್ದೇ!"

"ಅಲ್ಲ ಮಾವ. ಅದು ನೀವು ಊಹಿಸಿದ್ದು. ಬೆಟ್ಟದ ಮೇಲೆ ಹೊಗೆ ಕಂಡ್ರೆ ಬೆಂಕಿ ಇದೆ ಅಂತೀವಿ. ಆದರೆ ದೂರದಿಂದ ನೋಡಿದಾಗ ಧೂಳೂ ಹೊಗೆ ಥರಾನೇ ಕಾಣುತ್ತೆ. ಮಕ್ಕಳಿಗೆ ಮೊದಲನೇ ಪಾಠವೇ ಇದು."

"ಹಂಗಾದ್ರೆ ನನಗೆ ಬಂದ ಸಿಟ್ಟು ಸುಳ್ಳಾ?"

"ಸಿಟ್ಟು ಸುಳ್ಳಲ್ಲ. ಆದರೆ ಪ್ರತಿ ಸಿಟ್ಟಿನೊಳಗೂ ಒಂದು ವಾಕ್ಯ ಇರುತ್ತೆ. ನಿಮ್ಮ ಸಿಟ್ಟಿನೊಳಗೆ ಇರೋದು... 'ನನ್ನ ತಂಗಿಗೆ ಅವರು ಅವಮಾನ ಮಾಡಿದ್ರು.' ಆ ವಾಕ್ಯ ನಿಜವಾ ಅಂತ ಅಷ್ಟೇ ನೋಡಬೇಕು."

"ಹೆಂಗೆ ನೋಡ್ತೀಯ?"

ದಾಕ್ಷಾಯಿಣಿ ಬೆಂಚಿನ ಮೇಲೆ ಕೂತಿದ್ದ ಅಮ್ಮನ ಕಡೆ ತಿರುಗಿದಳು.

ಅಷ್ಟು ದೂರ ಬಂದಿದ್ದರೂ, ತಟ್ಟೆಯ ಎದುರು ನಿಂತಿದ್ದವರನ್ನು ಮಾತ್ರ ಯಾರೂ ಕೇಳಿರಲಿಲ್ಲ...

"ಅಮ್ಮ, ಅಲ್ಲಿ ಏನಾಯ್ತು?"

ಗಿರಿಜಮ್ಮ ಟೀ ಗ್ಲಾಸನ್ನು ಬೆಂಚಿನ ಮೇಲಿಟ್ಟರು.

"ಅವರು ಕೊಡೋಕೇ ಬಂದ್ರು. ತಗೊಳ್ರಿ ಅಂತ ಎಷ್ಟು ಬಲವಂತ ಮಾಡಿದ್ರು! ನಾನೇ ಬ್ಯಾಡ ಅಂತ ಹಿಂದೆ ಸರಿದೆ. ಪಾಪ, ಅವರ ಮುಖ ಸಣ್ಣದಾಯ್ತು."

ಮುರುಗೇಂದ್ರಪ್ಪ ಬೆಚ್ಚಿದರು. "ನೀನೇ ಬ್ಯಾಡ ಅಂದ್ಯಾ? ಯಾಕೆ?"

ಗಿರಿಜಮ್ಮ ಸೆರಗು ಸರಿಮಾಡಿಕೊಂಡರು.

"ಯಾಕೆ ಗಿರಿಜಾ?"

"ಬಿಡಣ್ಣ. ನಿನಗೆ ಬೇಜಾರಾಗುತ್ತೆ."

"ಹೇಳು."

"ನಿನ್ನ ಮನೆ ಗೃಹಪ್ರವೇಶದ ದಿವಸ... ಆರತಿ ಹೊತ್ತಿಗೆ ನಾನು ಮುಂದೆ ಬಂದೆ. ಜನ ಇದಾರೆ, ಒಳಗಿರು ಅಂತ ನೀನು ಅಂದೆ. ನಿಂದೇನೂ ತಪ್ಪಿಲ್ಲ, ಜನಕ್ಕೆ ಹೆದರಿ ಅಂದಿದ್ದು. ಆದರೆ ಅವತ್ತಿಂದ ಯಾರು ತಟ್ಟೆ ತಂದ್ರೂ ನನ್ನ ಕಾಲು ತಾನಾಗೇ ಹಿಂದಕ್ಕೆ ಹೋಗುತ್ತೆ ಅಣ್ಣ..."

ದನಿಯಲ್ಲಿ ದೂರು ಇರಲಿಲ್ಲ. ಟೀಗೆ ಸಕ್ಕರೆ ಕಮ್ಮಿ ಎಂದಷ್ಟೇ ಸಹಜವಾಗಿ ಹೇಳಿದ್ದರು.

ಮುರುಗೇಂದ್ರಪ್ಪ ಬೆಂಚಿನ ಮೇಲೆ ಕುಸಿದು ಕುಳಿತರು. ಮತ್ತೆ ಎದ್ದರು. ರಸ್ತೆಯವರೆಗೆ ಹೋದರು, ವಾಪಸ್ ಬಂದರು. ಎಲ್ಲೂ ನಿಲ್ಲಲಾಗಲಿಲ್ಲ...

"ದಾಕ್ಷಿ..." ಎಂದರು ಕೊನೆಗೆ. "ಆ ವಾಕ್ಯ ಅರ್ಧ ನಿಜ ಕಣಮ್ಮ. ನನ್ನ ತಂಗಿಗೆ ಅವಮಾನ ಆಗಿದೆ. ಮಾಡಿದೋರು ಅವರಲ್ಲ."

ಫೋನ್ ತೆಗೆದು ನಂಬರ್ ಒತ್ತಿದರು.

"ಯಜಮಾನ್ರೇ, ಮುರುಗೇಂದ್ರಪ್ಪ ಮಾತಾಡೋದು. ಮನೆಯವರಿಗೆ ಸ್ವಲ್ಪ ಫೋನ್ ಕೊಡ್ತೀರಾ?... ಅಮ್ಮ, ನನ್ನ ತಂಗಿ ಇವತ್ತು ಕುಂಕುಮ ಬ್ಯಾಡ ಅಂದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಅದಕ್ಕೆ ಕಾರಣ ನಾನು."

ಆಚೆಯಿಂದ ಏನೋ ಮಾತು ಕೇಳಿಸಿತು. ಅವರು ಕಣ್ಣೊರೆಸಿಕೊಂಡರು.

"ಇನ್ನೊಂದು ಮಾತಮ್ಮ. ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಧಾರೆಗೆ ನಾನೂ ನನ್ನ ಹೆಂಡ್ತೀನೂ ಕೂತ್ಕೋತೀವಿ ಅಂದಿದ್ದೆ. ಅದು ಬ್ಯಾಡ. ಹೆತ್ತ ತಾಯಿ ಇದಾಳೆ. ಗಿರಿಜನೇ ಕೂತ್ಕೋತಾಳೆ."

ಇಷ್ಟು ಹೊತ್ತು ಒಂದೊಂದೇ ಪ್ರಶ್ನೆ ಕೇಳುತ್ತ ನಿಂತಿದ್ದ ದಾಕ್ಷಾಯಿಣಿ, ಅಮ್ಮನ ಹೆಗಲಿಗೆ ಮುಖ ಒತ್ತಿ ಬಿಕ್ಕಿಬಿಕ್ಕಿ ಅತ್ತಳು...

ಗಿರಿಜಮ್ಮನಿಗೆ ಮಾತ್ರ ಗಾಬರಿ. "ಅಣ್ಣಾ, ಏನು ಮಾತು ಆಡಿಬಿಟ್ಟೆ! ಜನ ಏನಂತಾರೆ?"

ಮುರುಗೇಂದ್ರಪ್ಪ ತಂಗಿಯ ಕೈ ಹಿಡಿದು ಎಬ್ಬಿಸಿದರು.

"ಏನೋ ಅಂತಾರೆ ಅನ್ನೋದೂ ಇನ್ನೂ ಊಹೇನೇ ಅಲ್ವೇನವ್ವ? ನಡಿ, ಮುಂದಿನ ಸೀಟಲ್ಲಿ ಕೂತ್ಕೊ."

—

ಸಿಟ್ಟು ಬಂದಾಗ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡಿ ನೋಡುವುದೇ ತತ್ವಶಾಸ್ತ್ರ. ಅದಕ್ಕೆ ಪುಸ್ತಕಕ್ಕಿಂತ ಮೊದಲು ಬೇಕಾದದ್ದು ಒಂದು ಪ್ರಶ್ನೆ.

ಇವತ್ತು ನೀವು ಯಾರ ಮೇಲೆ ಸಿಟ್ಟಾಗಿದ್ದೀರಿ... ಅಲ್ಲಿ ನಿಜಕ್ಕೂ ಏನಾಯಿತೆಂದು ಅವರನ್ನು ಒಮ್ಮೆಯಾದರೂ ಕೇಳಿದ್ದೀರಾ?